ಆಲ್ಜೀಬ್ರಾ ಟೈಲ್ಸ್, ಒಂದು ವರ್ಷದ ಬಳಕೆ: ಪಟ್ಟಿಯ ಉದ್ದದಲ್ಲೇ ಎಡವಟ್ಟು

ಬೀಜಗಣಿತವನ್ನು ಕೈಯಲ್ಲಿ ಆಡಿಸಿ ಕಲಿಸುವ ತುಂಡುಗಳಿವು: ಒಂದಕ್ಕೆ ಚಿಕ್ಕ ಚೌಕ, ಗೊತ್ತಿಲ್ಲದ ಸಂಖ್ಯೆಗೆ ಉದ್ದ ಪಟ್ಟಿ, ಅದರ ವರ್ಗಕ್ಕೆ ದೊಡ್ಡ ಚೌಕ. ಕೊಳ್ಳುವ ಮುಂಚೆ ಪರೀಕ್ಷಿಸಬೇಕಾದ್ದು ಒಂದೇ: ಉದ್ದ ಪಟ್ಟಿಯ ಪಕ್ಕ ಚಿಕ್ಕ ಚೌಕಗಳನ್ನು ಸಾಲಾಗಿಟ್ಟರೆ ಅವು ಸರಿಹೊಂದಬಾರದು. ಈ ಸೆಟ್‌ನಲ್ಲಿ ಅಚ್ಚುಕಟ್ಟಾಗಿ ಐದು ಚೌಕ ಕೂರುತ್ತವೆ. ಪಟ್ಟಿ ಅಂದರೆ ಚರಾಕ್ಷರ (ಎಕ್ಸ್ ಬದಲು ಇಲ್ಲಿ ‘ಕ’ ಎಂದು ಬರೆದಿದ್ದೇನೆ). ಅದರ ಬೆಲೆ ಗೊತ್ತಿಲ್ಲ ಎಂಬುದೇ ಇಡೀ ಆಟ. ಮಗು ಅಳೆದು ನೋಡಿ ‘ಕ ಅಂದ್ರೆ ಐದು’ ಅಂತ ಮುಗಿಸಿಬಿಡುತ್ತದೆ. ಮುಂದೆ 2ಕ + 3 = 11 ಬಿಡಿಸಿ 4 ಬಂದರೂ ಪಟ್ಟಿಯ ಪಕ್ಕ ನಾಲ್ಕು ಚೌಕ ಇಟ್ಟು, ‘ಒಂದು ಕಮ್ಮಿ ಬಿತ್ತಲ್ಲ’ ಅನ್ನುತ್ತದೆ. ತಪ್ಪು ಮಗುವಿನದಲ್ಲ.

ದಪ್ಪ ರಟ್ಟಿನಲ್ಲಿ ಬೇರೆ ಪಟ್ಟಿ ಕತ್ತರಿಸಿಕೊಂಡರೆ ರಗಳೆ ಮುಗಿಯಿತು. ಚೌಕ 2 ಸೆಂ.ಮೀ. ಇದ್ದರೆ ಪಟ್ಟಿಯ ಅಗಲವೂ 2, ಉದ್ದ 9.3 ಸೆಂ.ಮೀ. ಹನ್ನೆರಡು ಸಾಕು. ದೊಡ್ಡ ಚೌಕಕ್ಕೆ (ಕ ವರ್ಗ) ಆಗ ಇವು ಹೊಂದುವುದಿಲ್ಲ, ಆದರೆ ಸರಳ ಸಮೀಕರಣಕ್ಕೆ ಅದು ಬೇಕಾಗುವುದೂ ಇಲ್ಲ.

ಇಷ್ಟು ಬೈದ ಮೇಲೂ ಸಮಾನ ಬೀಜೋಕ್ತಿ (ಬರೆಯುವ ರೀತಿ ಬೇರೆ, ಬೆಲೆ ಯಾವಾಗಲೂ ಒಂದೇ) ತೋರಿಸಲು ಇದಕ್ಕಿಂತ ಒಳ್ಳೆಯ ಸಾಮಾನು ಇಲ್ಲ. 2(ಕ + 3) ಎಂದರೆ ಮೇಲಿನ ಸಾಲಿಗೆ ಒಂದು ಪಟ್ಟಿ, ಮೂರು ಚೌಕ. ಕೆಳಗಿನ ಸಾಲಿಗೂ ಅಷ್ಟೇ. ಪಟ್ಟಿಗಳನ್ನು ಒಂದು ಕಡೆ, ಚೌಕಗಳನ್ನು ಇನ್ನೊಂದು ಕಡೆ ಸರಿಸಿದರೆ 2ಕ + 6. ಏನನ್ನೂ ತೆಗೆದಿಲ್ಲ, ಸೇರಿಸಿಲ್ಲ. ಮಗು 2ಕ + 3 ಬರೆದರೆ ‘ಎರಡನೇ ಸಾಲಿನ ಚೌಕ ಎಲ್ಲಿ?’ ಅಂತ ಕೇಳಿದರೆ ಸಾಕು. 3ಕ + 2 ಅನ್ನು 5ಕ ಮಾಡುವವರಿಗೂ ಪಟ್ಟಿ, ಚೌಕ ಬೆರೆಯುವುದಿಲ್ಲ ಅಂತ ಕಣ್ಣಿಗೇ ಕಾಣುತ್ತದೆ. ಬೆಲೆ ಹಾಕಿ ತಾಳೆ ನೋಡುವಾಗ ಮಾತ್ರ 1 ಒಂದನ್ನೇ ನಂಬಬೇಡಿ: ಕ = 1 ಆದಾಗ ಈ ಎರಡೂ 5 ಆಗಿ ಮೋಸ ಮಾಡುತ್ತವೆ. 0 ಹಾಕಿ, 2 ಹಾಕಿ. ವರ್ಗವಿಲ್ಲದ ಇಂಥ ಉಕ್ತಿಗಳು ಎರಡು ಬೇರೆ ಬೆಲೆಗಳಿಗೆ ತಾಳೆಯಾದರೆ ಅವು ಸಮಾನವೇ.

ಸಮೀಕರಣಕ್ಕೆ ಹಾಳೆಯ ನಡುವೆ ಒಂದು ಗೆರೆ, ಅದೇ ಸಮ ಚಿಹ್ನೆ. ನಿಯಮ ಹೀಗೆ: ಎಡಗೈ ಎಡಭಾಗದಿಂದ, ಬಲಗೈ ಬಲಭಾಗದಿಂದ, ಎರಡೂ ಒಟ್ಟಿಗೆ ಒಂದೊಂದು ಚೌಕ ಎತ್ತಬೇಕು. ಎತ್ತಿದ ಮೇಲೆ ಪುಸ್ತಕದಲ್ಲಿ ಒಂದು ಸಾಲು. 2ಕ + 3 = 11ರಲ್ಲಿ ಮೂರು ಸಲ ಎತ್ತಿದರೆ 2ಕ = 8; ಉಳಿದ ಎಂಟನ್ನು ಎರಡು ಪಟ್ಟಿಗೆ ಇಸ್ಪೀಟು ಹಂಚಿದಂತೆ ಹಂಚಿದರೆ ತಲಾ ನಾಲ್ಕು. ‘ಆಚೆ ಹೋದರೆ ಚಿಹ್ನೆ ಬದಲು’ ಎಂಬ ಮಂತ್ರ ಹೇಳಿಕೊಡಲು ಆತುರ ಬೇಡ; ಕೈ ಪಳಗಿದ ಮೇಲೆ ಪಕ್ಷಾಂತರ (ಪದವನ್ನು ಸಮ ಚಿಹ್ನೆಯ ಆಚೆಗೆ ಒಯ್ಯುವುದು) ತಾನಾಗಿ ಅರ್ಥವಾಗುತ್ತದೆ.

ಕ − 3 = 5ಕ್ಕೆ ಎಡಗಡೆ ಒಂದು ಪಟ್ಟಿ, ಮೂರು ಕೆಂಪು ಚೌಕ (ಕೆಂಪು ಅಂದರೆ −1, ಹಳದಿ ಅಂದರೆ +1); ಎರಡೂ ಕಡೆ ಮೂರು ಹಳದಿ ಸೇರಿಸಿ, ಕೆಂಪು-ಹಳದಿ ಜೋಡಿ ಸೊನ್ನೆ ಅಂತ ಎತ್ತಿಬಿಡಿ. ಇಲ್ಲಿ ಪಟ್ಟಿಯ ಒಂದು ಮುಖ ಹಸಿರು, ಇನ್ನೊಂದು ಕೆಂಪು. ಆ ಬಣ್ಣಗಳು ಬೇರೆಯಾಗಿ ಕಾಣದ ಮಕ್ಕಳಿದ್ದಾರೆ, ಹಾಗಾಗಿ ಕೆಂಪು ಮುಖಕ್ಕೆ ಮಾರ್ಕರ್‌ನಲ್ಲಿ ಕಳೆಯುವ ಚಿಹ್ನೆ ಎಳೆಯಿರಿ. ನುಣ್ಣನೆಯ ಮೇಜಿನ ಮೇಲೆ ಜಾರುತ್ತವೆ, ಕೆಳಗೆ ಬಟ್ಟೆ ಹಾಸಿ.

3ಕ = 7 ಬಂದರೆ ಟೈಲ್ಸ್ ಕೈಕೊಡುತ್ತದೆ, ಚೌಕ ಮುರಿಯಲಾಗದು. ಅಷ್ಟು ಹೊತ್ತಿಗೆ ಪಟ್ಟಿಗೆ ಗೀಟು, ಚೌಕಕ್ಕೆ ಚುಕ್ಕಿ ಬರೆಯುವ ಅಭ್ಯಾಸ ಆಗಿರಲಿ.

ಐದಕ್ಕೆ ಮೂರು ಸ್ಟಾರ್, ಮೂರೂ ಚೌಕಗಳಿಗೆ.