ನಾಲ್ಕು ಮಳೆಗಾಲ ಕಳೆದ ಮೇಲೆ: ಶಿವಮೊಗ್ಗದ ಬಾಡಿಗೆ ಮನೆಗೆ ಮ್ಯಾನೇಜರ್ ಇಟ್ಟ ಅನುಭವ

ವಿನೋಬನಗರದ ಮನೆ ಅಪ್ಪ ಕಟ್ಟಿಸಿದ್ದು. ಮುಂಭಾಗ ಆರ್‌ಸಿಸಿ, ಹಿಂದಿನ ಅಡುಗೆಮನೆ ಮತ್ತು ಬಚ್ಚಲಿನ ಮೇಲೆ ಮಂಗಳೂರು ಹೆಂಚು. ಅಮ್ಮನನ್ನು ಬೆಂಗಳೂರಿಗೆ ಕರೆತಂದ ಮೇಲೆ ಎರಡು ವರ್ಷ ನಾನೇ ಫೋನಿನಲ್ಲಿ ನಿಭಾಯಿಸಿದೆ. ನಲ್ಲಿ ಸೋರಿದರೂ ಪಕ್ಕದ ಮನೆಯವರನ್ನು ಬೇಡಿಕೊಳ್ಳಬೇಕಿತ್ತು. ಅವರಿಗೂ ವಯಸ್ಸಾಗಿದೆ, ಎಷ್ಟು ಅಂತ ಕೇಳೋದು? 2022ರ ಫೆಬ್ರವರಿಯಲ್ಲಿ ಊರಲ್ಲೇ ಇರುವ ಒಬ್ಬ ಪ್ರಾಪರ್ಟಿ ಮ್ಯಾನೇಜರಿಗೆ ಮನೆ ಒಪ್ಪಿಸಿದೆವು. ತಿಂಗಳ ಬಾಡಿಗೆಯಲ್ಲಿ ಶೇ. 8 ಅವರಿಗೆ, 13,000ಕ್ಕೆ 1,040 ರೂಪಾಯಿ. ಹೊಸ ಬಾಡಿಗೆದಾರರನ್ನು ತಂದರೆ ಅರ್ಧ ತಿಂಗಳ ಬಾಡಿಗೆ ಬೇರೆ.

ಮೊದಲ ವರ್ಷವೇ ಪೆಟ್ಟು ತಿಂದೆವು. ಜುಲೈನಲ್ಲಿ ಬಾಡಿಗೆಗಿದ್ದ ಟೀಚರ್ ಫೋನ್ ಮಾಡಿ, ಅಡುಗೆಮನೆ ಗೋಡೆಯಿಂದ ನೀರು ಇಳಿಯುತ್ತಿದೆ, ಅಕ್ಕಿ ಮೂಟೆ ನೆಂದುಹೋಯಿತು ಅಂದರು. ಮ್ಯಾನೇಜರನ್ನು ಕೇಳಿದರೆ, “ಸರ್, ಮಳೆ ಹಿಡಿದ್ಮೇಲೆ ಹೆಂಚು ಹತ್ತೋಕೆ ಯಾರೂ ಒಪ್ಪಲ್ಲ. ಪಾಚಿ ಮೇಲೆ ಕಾಲಿಟ್ರೆ ಜಾರುತ್ತೆ. ಆಗಸ್ಟ್ ಮುಗೀಲಿ.” ಅವರು ಹೇಳಿದ್ದು ನಿಜವೇ. ಆದರೆ ಮೇ ತಿಂಗಳಲ್ಲಿ ಯಾಕೆ ಹತ್ತಿಸಲಿಲ್ಲ? ಟೀಚರ್ ಮೂರು ವಾರ ಟಾರ್ಪಾಲಿನ ಕೆಳಗೆ ಅಡುಗೆ ಮಾಡಿದರು. ಗೋಡೆ ತುಂಬಾ ಬೂಷ್ಟು. ಆ ಫೋಟೊ ನೋಡಿ ನನಗೆ ನಾಚಿಕೆಯಾಯಿತು.

ಆಮೇಲೆ ಕರಾರಿನಲ್ಲಿ ಒಂದು ಸಾಲು ಸೇರಿಸಿದೆವು: ಮೇ 15ರೊಳಗೆ ಹೆಂಚು ನೋಡಿಸಿ, ತಾರಸಿಯ ನೀರಿನ ಪೈಪುಗಳಲ್ಲಿ ಕಟ್ಟಿದ ಕಸ ತೆಗೆಸಿ ಫೋಟೊ ಕಳಿಸಬೇಕು. ಈ ಸಾಲು ಬಂದ ಮೇಲೆ ಅದೇ ಮನುಷ್ಯನ ಕೆಲಸದ ರೀತಿ ಬದಲಾಯಿತು. ಮರುವರ್ಷ ಮೇನಲ್ಲಿ ಅವರು ಕಳಿಸಿದ ವಿಡಿಯೊ ನನ್ನ ಹತ್ತಿರ ಇನ್ನೂ ಇದೆ. ಹೆಂಚಿನ ಮಾಡೂ ಗೋಡೆಯೂ ಸೇರುವ ಕಡೆಯ ತಗಡಿನ ದೋಣಿಯಿಂದ ಹಲಸಿನ ಎಲೆ, ಕಪ್ಪು ಮಣ್ಣು ಬೊಗಸೆಗಟ್ಟಲೆ ತೆಗೆಯುತ್ತಾರೆ. ಕೆಳಗೆ ತಗಡು ತುಕ್ಕು ಹಿಡಿದು ತೂತಾಗಿರುವುದು ಆಗ ಕಾಣುತ್ತದೆ. ನೀರು ಇಳಿಯುತ್ತಿದ್ದದ್ದು ಅಲ್ಲಿಂದ. ಒಡೆದ ಹೆಂಚು 11. ಅಂಗಡಿಯ ಹೊಸ ಹೆಂಚು ನಮ್ಮದರ ಜೊತೆ ಕಚ್ಚಿ ಕೂರಲಿಲ್ಲ, ಒಂದೊಂದು ಕಾರ್ಖಾನೆಯ ಅಚ್ಚು ಒಂದೊಂದು ಥರ. ಎಲ್ಲೋ ಬಿಚ್ಚುತ್ತಿದ್ದ ಹಳೇ ಮನೆಯಿಂದ ಅದೇ ಅಚ್ಚಿನವನ್ನು ಹುಡುಕಿ ತಂದು ಹಾಕಿಸಿದರು. ಬೆಂಗಳೂರಲ್ಲಿ ಕೂತ ನನ್ನಿಂದ ಅದು ಖಂಡಿತ ಆಗುತ್ತಿರಲಿಲ್ಲ. ಆಮೇಲಿನ ಮೂರು ಮಳೆಗಾಲದಲ್ಲಿ ಅಡುಗೆಮನೆ ಸೋರಿಲ್ಲ.

ಕಾಗದಪತ್ರದಲ್ಲಿ ಅವರು ಚೊಕ್ಕ. ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು ಎಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ 11 ತಿಂಗಳಿಗೊಮ್ಮೆ ಹೊಸದು ಮಾಡಿಸುತ್ತಾರೆ. ಏಪ್ರಿಲ್‌ನಲ್ಲೇ ಕಂದಾಯ ಕಟ್ಟಿ ಶೇ. 5 ರಿಯಾಯಿತಿ ಉಳಿಸುತ್ತಾರೆ. ಗೃಹಜ್ಯೋತಿ ಬಂದ ಮೇಲೆ ಇನ್ನೊಂದು ಕೆಲಸ ಸೇರಿದೆ. ಮನೆ ಬಿಡುವವರ ಆಧಾರ್ ಮೆಸ್ಕಾಂ ಆರ್‌ಆರ್ ನಂಬರಿಗೆ ಅಂಟಿಕೊಂಡೇ ಇದ್ದರೆ ಬರುವವರಿಗೆ ತೊಂದರೆ. ಕೀ ವಾಪಸ್ ಪಡೆಯುವ ದಿನವೇ ಅದನ್ನು ಬಿಡಿಸುತ್ತಾರೆ.

ದುಡ್ಡಿನ ವಿಷಯದಲ್ಲಿ ಮಾತ್ರ ನಾವು ಎಚ್ಚರವಾಗಿರಬೇಕಾಯಿತು. ಒಮ್ಮೆ ಕೇಳದೆಯೇ ಪೇಂಟಿಂಗ್ ಮಾಡಿಸಿ 38,000ದ ಬಿಲ್ ಕಳಿಸಿದರು. ಎಷ್ಟು ಲೀಟರ್, ಎಷ್ಟು ಆಳು ಅಂತ ಬಿಡಿಸಿ ಬರೆದು ಕೊಡಿ ಎಂದಾಗ 31,000ಕ್ಕೆ ಇಳಿಯಿತು. ಆ ಏಳು ಸಾವಿರ ಎಲ್ಲಿತ್ತು ಎಂಬುದಕ್ಕೆ ಸರಿಯಾದ ಉತ್ತರ ಸಿಗಲಿಲ್ಲ. ನನಗೆ ಅದು ಇವತ್ತಿಗೂ ಬೇಜಾರು. ಈಗ 2,000 ದಾಟುವ ಯಾವ ಕೆಲಸಕ್ಕೂ ಮೊದಲು ನನ್ನ ಒಪ್ಪಿಗೆ ಬೇಕು. ಆದಾಯ ತೆರಿಗೆ ಕಟ್ಟುವಾಗ ಅವರ ಫೀಸನ್ನು ಬಾಡಿಗೆ ಆದಾಯದಲ್ಲಿ ಬೇರೆಯಾಗಿ ಕಳೆಯಲು ಬರುವುದಿಲ್ಲ ಎಂಬುದೂ ಲೆಕ್ಕದಲ್ಲಿರಲಿ. ಕಟ್ಟಿದ ಕಂದಾಯ ಕಳೆದು ಉಳಿದದ್ದರಲ್ಲಿ ಶೇ. 30 ಹೇಗಿದ್ದರೂ ಬಿಡುತ್ತಾರೆ, ರಿಪೇರಿ, ಮ್ಯಾನೇಜರ್ ಎಲ್ಲ ಅದರಲ್ಲೇ ಬಂತು.

ಅಡ್ವಾನ್ಸ್ ಯಾವಾಗಲೂ ನನ್ನ ಖಾತೆಯಲ್ಲೇ ಇಟ್ಟುಕೊಂಡಿದ್ದೇನೆ. ಅದು ಎಷ್ಟು ಒಳ್ಳೆಯದಾಯಿತು ಅಂತ ಟೀಚರಿಗೆ ವರ್ಗವಾಗಿ ಮನೆ ಬಿಟ್ಟಾಗ ಗೊತ್ತಾಯಿತು. ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವುದು ಎಲ್ಲ ಕಡೆ ಇರುವ ಪದ್ಧತಿ ಸರ್, ನೀವೂ ಹಿಡೀರಿ ಎಂದರು ಮ್ಯಾನೇಜರ್. ಬೂಷ್ಟು ಬಂದದ್ದು ನಮ್ಮ ಮಾಡು ಸೋರಿದ್ದರಿಂದ, ಅವರ ಕೈಯಿಂದಲ್ಲ. 60,000 ಪೂರ್ತಿ ವಾಪಸ್ ಹಾಕಿದೆ. ಅವರು ಹೋಗುವ ಮುಂಚೆ ತಮ್ಮ ಸಹೋದ್ಯೋಗಿಯ ಕುಟುಂಬವನ್ನೇ ಕರೆತಂದು ಮನೆ ತೋರಿಸಿದರು. ಈಗ ಇರುವವರು ಅವರೇ. ಟು-ಲೆಟ್ ಬೋರ್ಡ್ ಹಾಕುವ ಪ್ರಮೇಯವೇ ಬರಲಿಲ್ಲ.

ಈ ಫೆಬ್ರವರಿಯಲ್ಲಿ ಐದನೇ ವರ್ಷಕ್ಕೆ ಅದೇ ಮ್ಯಾನೇಜರ್ ಜೊತೆ ಮುಂದುವರಿಸಿದ್ದೇವೆ, ಶೇ. 8ಕ್ಕೇ. ಹಲಸಿನ ಕೊಂಬೆ ಮತ್ತೆ ಮಾಡಿನ ಮೇಲೆ ಬಾಗಿದೆಯಂತೆ. ಹಣ್ಣು ಇಳಿದ ಮೇಲೆ ಕಡಿಸಿ, ಮರಕ್ಕೆ ಮಾತ್ರ ಕೈ ಹಚ್ಚಬೇಡಿ ಅಂತ ಅಮ್ಮ ಹೇಳಿ ಕಳಿಸಿದ್ದಾರೆ.