ಕರಿಯನ ಕಿವಿಯಿಂದ ಒಂದು ಹನಿ: ಆಲ್ಫಾಟ್ರ್ಯಾಕ್ 2 ಮೀಟರ್ ಬಳಸಿದ ಅನುಭವ

ಬೆಕ್ಕಿಗೆ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾದ ದಿನ ಕೈಗೆ ಬರುವ ಚೀಟಿಯಲ್ಲಿ ಇನ್ಸುಲಿನ್, ಸಿರಿಂಜ್, ಹೊಸ ಆಹಾರ ಎಲ್ಲ ಇರುತ್ತದೆ. ರಕ್ತದ ಸಕ್ಕರೆ ಅಳೆಯುವ ಗ್ಲುಕೋಮೀಟರ್ ಮಾತ್ರ ಎಷ್ಟೋ ಸಲ ಕೊನೆಯ ಸಾಲಿನಲ್ಲಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ನನ್ನನ್ನು ಕೇಳಿದರೆ ಅದು ಇನ್ಸುಲಿನ್ ಜೊತೆಗೇ ಮನೆಗೆ ಬರಬೇಕು. ನಮ್ಮ ಕರಿಯನಿಗೆ ನಾನು ಬಳಸುವುದು ಪ್ರಾಣಿಗಳಿಗೆಂದೇ ತಯಾರಾದ ಆಲ್ಫಾಟ್ರ್ಯಾಕ್ 2. ಇದರ ನಂತರ ಆಲ್ಫಾಟ್ರ್ಯಾಕ್ 3 ಕೂಡ ಬಂದಿದೆ, ಆದರೆ ನಾನು ಬಳಸಿದ್ದರ ಬಗ್ಗೆಯಷ್ಟೇ ಬರೆಯುತ್ತೇನೆ.

ಕರಿಯ ವಯಸ್ಸಾದ ಗಂಡು ಬೆಕ್ಕು. ಸಂತಾನಹರಣ ಆಪರೇಷನ್ ಆಗಿದೆ, ಹೊರಗೆ ಸುತ್ತುವ ಅಭ್ಯಾಸ ಇಲ್ಲ, ಕಾಯಿಲೆಗೆ ಮುಂಚೆ ಮೈತುಂಬ ಬೊಜ್ಜಿತ್ತು. ಈ ಕಾಯಿಲೆ ಹೆಚ್ಚಾಗಿ ಬರುವುದು ಇಂಥವಕ್ಕೇ. ಮೊದಲು ನೀರಿನ ಬಟ್ಟಲು ಬೇಗಬೇಗ ಖಾಲಿಯಾಗತೊಡಗಿತು, ಅವನ ಮಣ್ಣಿನ ಟ್ರೇಯಲ್ಲಿ ಮೂತ್ರದ ಗಡ್ಡೆಗಳು ದೊಡ್ಡದಾದವು. ಹೊಟ್ಟೆಬಾಕನ ಹಾಗೆ ತಿನ್ನುತ್ತಿದ್ದರೂ ಬೆನ್ನು ಸವರಿದರೆ ಮೂಳೆ ಕೈಗೆ ಸಿಗುತ್ತಿತ್ತು. ಆಮೇಲೆ ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯಲು ಶುರು ಮಾಡಿದ. ಸಕ್ಕರೆ ಬಹಳ ದಿನ ಏರಿಯೇ ಇದ್ದರೆ ನರಗಳಿಗೆ ಪೆಟ್ಟಾಗಿ ಹೀಗಾಗುತ್ತದೆ ಎಂದು ಡಾಕ್ಟರು ಹೇಳಿದರು. ಹತೋಟಿಗೆ ಬಂದರೆ ನಿಧಾನವಾಗಿ ಸುಧಾರಿಸುವ ಸಾಧ್ಯತೆ ಇದೆ ಎಂದೂ ಹೇಳಿದರು.

ಆಸ್ಪತ್ರೆಯಲ್ಲಿ ಅವನ ಸಕ್ಕರೆ 412 ಬಂತು (ಸಕ್ಕರೆಯ ಅಂಕಿಗಳೆಲ್ಲ ಒಂದು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿವೆ). ಆದರೆ ಬುಟ್ಟಿಯಲ್ಲಿ ಕೂತು, ನಾಯಿಗಳ ಬೊಗಳು ಕೇಳುತ್ತಾ, ಗುರುತಿಲ್ಲದ ಕೈಗಳಿಗೆ ಸಿಕ್ಕಿ ನಡುಗುವ ಬೆಕ್ಕಿನಲ್ಲಿ ಸಿಗುವ ಅಂಕಿ ಅದು. ಕಾಯಿಲೆಯೇ ಇಲ್ಲದ ಬೆಕ್ಕಿಗೂ ಹೆದರಿಕೆಯಿಂದಲೇ ಸಕ್ಕರೆ 300 ದಾಟಬಹುದು. ಅದಕ್ಕೇ ಡಾಕ್ಟರು ಅದೊಂದನ್ನೇ ನಂಬದೆ ಮೂತ್ರ ನೋಡಿದರು, ಫ್ರಕ್ಟೋಸಮೈನ್ ಪರೀಕ್ಷೆಯನ್ನೂ ಮಾಡಿಸಿದರು. ಹಿಂದಿನ ಒಂದೆರಡು ವಾರ ಸಕ್ಕರೆ ಒಟ್ಟಾರೆ ಹೇಗಿತ್ತು ಎಂಬುದನ್ನು ಆ ಪರೀಕ್ಷೆ ತೋರಿಸುತ್ತದೆ. ಕಾಯಿಲೆ ಇದೆ ಎಂದು ಖಚಿತಪಡಿಸಿಕೊಳ್ಳಲು ಅಷ್ಟು ಸಾಕು. ಆದರೆ ಇವತ್ತು ಬೆಳಿಗ್ಗೆ ಕೊಟ್ಟ ಇಂಜೆಕ್ಷನ್ ಮಧ್ಯಾಹ್ನದ ಹೊತ್ತಿಗೆ ಸಕ್ಕರೆಯನ್ನು ಎಲ್ಲಿಗೆ ಇಳಿಸಿದೆ ಎಂದು ಅದು ಹೇಳುವುದಿಲ್ಲ. ಅದು ಗೊತ್ತಾಗಬೇಕಾದರೆ ಬೆಕ್ಕು ತನ್ನ ಜಾಗದಲ್ಲಿ ನೆಮ್ಮದಿಯಾಗಿ ಮಲಗಿರುವಾಗ ನೋಡಬೇಕು, ಅಂದರೆ ಮನೆಯಲ್ಲೇ ನೋಡಬೇಕು.

ನನ್ನ ಅಮ್ಮನಿಗೂ ಸಕ್ಕರೆ ಕಾಯಿಲೆ. "ನನ್ನ ಮೀಟರ್ ಇಲ್ಲೇ ಇದೆಯಲ್ಲೇ, ಬೆಕ್ಕಿಗೆ ಬೇರೆ ಯಾಕೆ?" ಅಂದಳು. ಕೇಳಬೇಕಾದ ಪ್ರಶ್ನೆಯೇ. ಡಾಕ್ಟರು ವಿವರಿಸಿದ ಮೇಲೆ ನನಗೂ ಅರ್ಥವಾಯಿತು. ಮನುಷ್ಯರ ರಕ್ತದ ಗ್ಲುಕೋಸ್‌ನಲ್ಲಿ ನೂರಕ್ಕೆ ಸುಮಾರು 42 ಪಾಲು ಕೆಂಪು ಕಣಗಳ ಒಳಗೆ, 58 ಪಾಲು ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವ ಭಾಗದಲ್ಲಿ ಇರುತ್ತದೆ. ಬೆಕ್ಕಿನಲ್ಲಿ ಕೆಂಪು ಕಣಗಳಲ್ಲಿರುವುದು ಸುಮಾರು 7 ಪಾಲು ಮಾತ್ರ, ಉಳಿದ 93 ಪಾಲೂ ಪ್ಲಾಸ್ಮಾದಲ್ಲೇ. ಮನುಷ್ಯರ ಲೆಕ್ಕಕ್ಕೆ ಹೊಂದಿಸಿದ ಮೀಟರಿಗೆ ಇದು ತಿಳಿಯದು. ಹಾಗಾಗಿ ಬೆಕ್ಕಿನ ರಕ್ತ ಹಾಕಿದರೆ ಅದು ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ನಾನೂ ಅಮ್ಮನೂ ಒಂದೇ ಹನಿಯನ್ನು ಎರಡೂ ಮೀಟರಿಗೆ ಕೊಟ್ಟು ನೋಡಿದೆವು. ಕರಿಯನ ಮೀಟರ್ 268 ಅಂದಿತು, ಅಮ್ಮನದು 214. ಇಷ್ಟು ಮೇಲಿರುವಾಗ ಆ ವ್ಯತ್ಯಾಸದಿಂದ ದೊಡ್ಡ ತೊಂದರೆ ಇಲ್ಲ. ಕೆಳಗೆ ಇಳಿದಾಗ ಇದೆ: ಸಕ್ಕರೆ ಸರಿಯಾಗಿಯೇ ಇರುವಾಗ ಮೀಟರ್ ತೀರಾ ಕಡಿಮೆ ತೋರಿಸಿದರೆ ಮನೆಯವರೆಲ್ಲ ಗಾಬರಿಯಾಗುತ್ತಾರೆ. ಪ್ರಾಣಿಗಳ ಮೀಟರ್ ಸಿಗದೆ ಮನುಷ್ಯರ ಮೀಟರನ್ನೇ ನೆಚ್ಚಿಕೊಂಡವರೂ ಇದ್ದಾರೆ. ಡಾಕ್ಟರಿಗೆ ಅದು ಗೊತ್ತಿದ್ದು, ಯಾವಾಗಲೂ ಅದೇ ಮೀಟರ್ ಬಳಸಿ, ಏರಿಳಿತದ ಮೇಲೆ ಕಣ್ಣಿಟ್ಟರೆ ಕೆಲಸ ನಡೆಯುತ್ತದೆ. ಆದರೆ ಕೈಗೆಟುಕುವುದಾದರೆ ಬೆಕ್ಕಿನದನ್ನೇ ತನ್ನಿ.

ಆಲ್ಫಾಟ್ರ್ಯಾಕ್ 2 ಬಳಸುವವರು ಒಂದು ವಿಷಯ ಮರೆಯಬಾರದು. ರಕ್ತದ ಹನಿ ತಾಗಿಸುವ ಸ್ಟ್ರಿಪ್‌ಗಳ ಡಬ್ಬಿಯ ಮೇಲೆ ನಾಯಿಗೆ ಒಂದು, ಬೆಕ್ಕಿಗೆ ಒಂದು ಕೋಡ್ ಬರೆದಿರುತ್ತದೆ. ಮೀಟರಿನಲ್ಲಿ ಬೆಕ್ಕಿನ ಕೋಡ್ ಇದೆಯೇ ಎಂದು ಪ್ರತಿ ಸಲ ನೋಡಿಕೊಳ್ಳಿ. ಹೊಸ ಡಬ್ಬಿ ಒಡೆದಾಗಲಂತೂ ನೋಡಲೇಬೇಕು. ಕೋಡ್ ತಪ್ಪಿದ್ದರೆ ಮೀಟರ್ ಅಂಕಿ ತೋರಿಸಿಯೇ ತೋರಿಸುತ್ತದೆ, ಆದರೆ ಅದನ್ನು ನಂಬುವ ಹಾಗಿಲ್ಲ.

ಇನ್ನು ರಕ್ತ ತೆಗೆಯುವುದು. ಎಲ್ಲರೂ ಹೆದರುವುದು ಇದಕ್ಕೇ. ಮೀಟರಿಗೆ ಬೇಕಾಗಿರುವುದು 0.3 ಮೈಕ್ರೋಲೀಟರ್, ಸಾಸಿವೆ ಕಾಳಿಗಿಂತಲೂ ಚಿಕ್ಕ ಹನಿ. ಕಿವಿಯ ಹೊರ ಅಂಚಿನ ಉದ್ದಕ್ಕೂ ಒಂದು ಸಣ್ಣ ರಕ್ತನಾಳ ಹೋಗುತ್ತದೆ. ಬಿಳಿ ಬೆಕ್ಕಿನಲ್ಲಿ ಅದು ಬರಿಗಣ್ಣಿಗೇ ಕಾಣುತ್ತದೆ. ಕರಿಯನ ಕಿವಿ ಹೆಸರಿಗೆ ತಕ್ಕಂತೆ ಕಪ್ಪು, ಹಾಗಾಗಿ ಕಿವಿಯ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿಯುತ್ತೇನೆ. ಬೆಳಕಿಗೆ ಕಿವಿ ಕೆಂಪಗಾಗಿ, ಅಂಚಿನಲ್ಲಿ ಆ ನಾಳ ಗೆರೆ ಎಳೆದ ಹಾಗೆ ಮೂಡುತ್ತದೆ. ಚುಚ್ಚಬೇಕಾಗಿರುವುದು ನಾಳವನ್ನಲ್ಲ, ಅದಕ್ಕೂ ಅಂಚಿಗೂ ನಡುವಿನ ಜಾಗವನ್ನು.

ಮೊದಲು ಕಿವಿ ಬೆಚ್ಚಗಾಗಬೇಕು. ತಣ್ಣಗಿನ ಕಿವಿಯಿಂದ ಹನಿ ಬರುವುದೇ ಇಲ್ಲ. ಬಿಸಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯನ್ನು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ನನ್ನ ಕೈಗೆ ಹಿತವೆನಿಸುವಷ್ಟು ಬಿಸಿ ಇದೆಯೇ ನೋಡಿ, ಕಿವಿಗೆ ಒತ್ತಿ ಹಿಡಿಯುತ್ತೇನೆ. ಕಿವಿ ಒದ್ದೆಯಾದರೆ ರಕ್ತ ನೀರಿನೊಂದಿಗೆ ಬೆರೆತು ಅಂಕಿ ಕೆಡುತ್ತದೆ, ಚೀಲ ಅದಕ್ಕಾಗಿ. ಅಂಚಿನ ಮೇಲೆ ವ್ಯಾಸಲೀನ್ ಸವರೀ ಸವರದ ಹಾಗೆ ಹಚ್ಚಿದರೆ ರಕ್ತ ಕೂದಲಿನೊಳಗೆ ಹರಡದೆ ಗುಂಡಗೆ ನಿಲ್ಲುತ್ತದೆ. ಕಿವಿಯ ಹಿಂಬದಿಗೆ ಮಡಚಿದ ಹತ್ತಿ ಇಟ್ಟು, ಎದುರಿನಿಂದ ಲ್ಯಾನ್ಸೆಟ್ ಎಂಬ ಪುಟ್ಟ ಸೂಜಿಯಿಂದ ಚುಚ್ಚಬೇಕು. ಹತ್ತಿ ಇಲ್ಲದಿದ್ದರೆ ಚುಚ್ಚುವುದು ನಿಮ್ಮ ಬೆರಳನ್ನೇ. ಹನಿ ಮೂಡಿದ ಕೂಡಲೇ ಸ್ಟ್ರಿಪ್‌ನ ಅಂಚನ್ನು ತಾಗಿಸಿದರೆ ಅದು ತಾನೇ ಹೀರಿಕೊಳ್ಳುತ್ತದೆ. ಮೇಲಿನಿಂದ ಒತ್ತಬೇಡಿ. ಆಮೇಲೆ ಅದೇ ಹತ್ತಿಯಿಂದ ಸ್ವಲ್ಪ ಹೊತ್ತು ಗಟ್ಟಿಯಾಗಿ ಅದುಮಿ ಹಿಡಿದರೆ ಕಿವಿಯಲ್ಲಿ ರಕ್ತ ಹೆಪ್ಪುಗಟ್ಟಿ ಕಲೆಯಾಗುವುದಿಲ್ಲ.

ಕರಿಯ ಮೊದಲ ದಿನಗಳಲ್ಲಿ ತಲೆ ಕೊಡವಿ ಎದ್ದು ಹೋಗುತ್ತಿದ್ದ. ಚುಚ್ಚುವುದಕ್ಕೆ ಅಲ್ಲ, ಹಿಡಿದುಕೊಳ್ಳುವುದಕ್ಕೆ ಅವನ ತಕರಾರು. ಆಮೇಲೆ ಹಿಡಿಯುವುದನ್ನೇ ಬಿಟ್ಟೆ. ಒಂದೇ ಚಾಪೆ, ಒಂದೇ ಹೊತ್ತು, ಮುಗಿದ ಕೂಡಲೇ ಬೇಯಿಸಿದ ಕೋಳಿಯ ಒಂದು ಎಳೆ. ಈಗ ಮೀಟರಿನ ಬೀಪ್ ಕೇಳಿದರೆ ಅವನೇ ಚಾಪೆಗೆ ಬಂದು ಕೂರುತ್ತಾನೆ. ಅದನ್ನು ಮೊದಲ ಸಲ ನೋಡಿದಾಗ ನನಗೆ ಕಣ್ಣು ತುಂಬಿ ಬಂತು.

ಈ ಮೀಟರಿನ ನಿಜವಾದ ಬೆಲೆ ತಿಳಿಯುವುದು ಕರ್ವ್ ಮಾಡುವ ದಿನ. ಬೆಳಗಿನ ಇಂಜೆಕ್ಷನ್‌ನಿಂದ ಸಂಜೆಯದರವರೆಗೆ, ಎರಡೆರಡು ಗಂಟೆಗೊಮ್ಮೆ ಸಕ್ಕರೆ ನೋಡಿ ಬರೆದಿಡುವುದನ್ನು ಹಾಗೆನ್ನುತ್ತಾರೆ. ಕರಿಯನಿಗೆ ಡಾಕ್ಟರು ಬರೆದದ್ದು ಗ್ಲಾರ್ಜಿನ್ ಎಂಬ ಇನ್ಸುಲಿನ್, ಹನ್ನೆರಡು ಗಂಟೆಗೊಮ್ಮೆ. ಒಂದು ಭಾನುವಾರದ ಅಂಕಿಗಳು ಹೀಗಿದ್ದವು: ಬೆಳಿಗ್ಗೆ 7ಕ್ಕೆ 310, 9ಕ್ಕೆ 262, 11ಕ್ಕೆ 188, ಮಧ್ಯಾಹ್ನ 1ಕ್ಕೆ 126, 3ಕ್ಕೆ 118, 5ಕ್ಕೆ 175, ಸಂಜೆ 7ಕ್ಕೆ 268. ಬೆಳಗಿನ 310 ಅಷ್ಟನ್ನೇ ನೋಡಿದವರು ಔಷಧಿ ಸಾಲುತ್ತಿಲ್ಲ, ಡೋಸ್ ಏರಿಸೋಣ ಎನ್ನುತ್ತಾರೆ. ಡಾಕ್ಟರು ನೋಡಿದ್ದು 118 ಅನ್ನು. ತೀರಾ ಕೆಳಗಿನ ಅಂಕಿ 80ರಿಂದ 150ರ ನಡುವೆ ಇರಲಿ ಎನ್ನುವುದು ಅವರ ಗುರಿ, ಹಾಗಾಗಿ ಡೋಸ್ ಮುಟ್ಟಲಿಲ್ಲ. ಅವತ್ತು ಏರಿಸಿದ್ದರೆ ಮಧ್ಯಾಹ್ನ ಎಲ್ಲರೂ ಮಲಗಿರುವಾಗ ಕರಿಯನ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದಿತ್ತು.

ಇನ್ನೊಂದು ಸಂಜೆಯ ಮಾತು. ಒಣ ಕಾಳಿನ ಆಹಾರ ಬಿಡಿಸಿ, ಪಿಷ್ಟ ಕಡಿಮೆ ಇರುವ ಡಬ್ಬಿಯ ಮೆತ್ತಗಿನ ಆಹಾರಕ್ಕೆ ಬದಲಾಯಿಸುತ್ತಿದ್ದೆವು. ಊಟ ಹೀಗೆ ಬದಲಾದಾಗ ಇನ್ಸುಲಿನ್ ಅಗತ್ಯ ಸರ್ರನೆ ಇಳಿಯಬಹುದು, ಇಂಜೆಕ್ಷನ್‌ಗೆ ಮುಂಚೆ ಮೀಟರ್ 200ಕ್ಕಿಂತ ಕಡಿಮೆ ತೋರಿಸಿದರೆ ಕೊಡದೆ ನನಗೆ ಫೋನ್ ಮಾಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆ ಸಂಜೆ ಕರಿಯ ಚುರುಕಾಗಿಯೇ ಇದ್ದ, ಕಿಟಕಿಯಲ್ಲಿ ಕೂತು ಹಕ್ಕಿ ನೋಡುತ್ತಿದ್ದ. ಮೀಟರ್ ತೋರಿಸಿದ್ದು 104. ಬೆಕ್ಕಿನ ಮುಖ ನೋಡಿ ಇದು ಗೊತ್ತಾಗುವ ಸಂಗತಿಯೇ ಅಲ್ಲ. ಫೋನ್ ಮಾಡಿದೆ, ಆ ಹೊತ್ತಿನ ಇಂಜೆಕ್ಷನ್ ನಿಲ್ಲಿಸಿದರು, ಮರುದಿನದಿಂದ ಡೋಸ್ ಅರ್ಧಕ್ಕೆ ಇಳಿಸಿದರು. ಮೀಟರ್ ಇಲ್ಲದಿದ್ದರೆ ಎಂದಿನ ಡೋಸೇ ಒಳಗೆ ಹೋಗಿರುತ್ತಿತ್ತು. ಸಕ್ಕರೆ 60ಕ್ಕಿಂತ ಕೆಳಗೆ ಇಳಿದರೆ ಬೆಕ್ಕು ತೂರಾಡಬಹುದು, ಮಂಕಾಗಬಹುದು, ಸೆಳೆತವೂ ಬರಬಹುದು. ಆಗ ಒಸಡಿಗೆ ಜೇನುತುಪ್ಪವೋ ಗ್ಲುಕೋಸ್ ಪಾನಕವೋ ಸವರಿ, ಕಾಯದೆ ಆಸ್ಪತ್ರೆಗೆ ಓಡಬೇಕು. ಸೆಳೆತ ಇರುವಾಗ ಬಾಯೊಳಗೆ ಬೆರಳು ಹಾಕಬಾರದು, ಏನನ್ನೂ ಸುರಿಯಬಾರದು.

ಚರ್ಮಕ್ಕೆ ಅಂಟಿಸುವ ಸೆನ್ಸರನ್ನೂ ಒಮ್ಮೆ ಹಾಕಿಸಿದ್ದೆವು, ಮನುಷ್ಯರಿಗಾಗಿ ಬರುವಂಥದ್ದು. ಭುಜದ ಹತ್ತಿರ ಕೂದಲು ಬೋಳಿಸಿ ಅಂಟಿಸುತ್ತಾರೆ. ಚುಚ್ಚುವ ಕೆಲಸ ಇಲ್ಲ, ರಾತ್ರಿಯಿಡೀ ಸಕ್ಕರೆ ಹೇಗಿತ್ತೆಂದು ಬೆಳಿಗ್ಗೆ ನೋಡಬಹುದು. ಆ ಅನುಕೂಲ ನಿಜಕ್ಕೂ ದೊಡ್ಡದು. ಆದರೆ ಕರಿಯ ಮಂಚದ ಕೆಳಗೆ ನುಸುಳಿ ಉಜ್ಜಿಕೊಂಡು, ಅವಧಿ ಮುಗಿಯುವ ಮೊದಲೇ ಕಿತ್ತುಹಾಕಿದ. ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಸಕ್ಕರೆ ವೇಗವಾಗಿ ಇಳಿಯುವಾಗ ಅದು ತುಸು ಹಿಂದೆ ಬೀಳುತ್ತದೆ. ಸೆನ್ಸರ್ ತೀರಾ ಕಡಿಮೆ ತೋರಿಸಿದಾಗ ಖಾತ್ರಿ ಮಾಡಿಕೊಳ್ಳಲು ಮತ್ತೆ ಕಿವಿಯ ಹನಿಯೇ ಬೇಕು. ಏನು ಮಾಡಿದರೂ ಕಿವಿ ಮುಟ್ಟಲು ಬಿಡದ ಬೆಕ್ಕುಗಳಿಗೆ ಮಾತ್ರ ನಾನು ಸೆನ್ಸರನ್ನೇ ಮೊದಲು ಹೇಳುತ್ತೇನೆ.

ಮೂತ್ರದಲ್ಲಿ ಅದ್ದಿ ನೋಡುವ ಪಟ್ಟಿಗಳ ಮೇಲೆ ಡೋಸ್ ತೀರ್ಮಾನಿಸುವುದನ್ನು ನಾನು ಒಪ್ಪುವುದಿಲ್ಲ. ಬೆಕ್ಕಿನ ರಕ್ತದಲ್ಲಿ ಸಕ್ಕರೆ ಸುಮಾರು 250 ದಾಟಿದ ಮೇಲಷ್ಟೇ ಅದು ಮೂತ್ರಕ್ಕೆ ಇಳಿಯುತ್ತದೆ. ಅದಕ್ಕಿಂತ ಕೆಳಗೆ 200 ಇದೆಯೋ 50 ಇದೆಯೋ ಪಟ್ಟಿಗೆ ಎಲ್ಲ ಒಂದೇ. ಕೀಟೋನ್ (ಇನ್ಸುಲಿನ್ ಸಾಲದೆ ದೇಹ ಕೊಬ್ಬನ್ನು ಕರಗಿಸುವಾಗ ಹುಟ್ಟುವ ವಸ್ತು) ನೋಡಲು ಆ ಪಟ್ಟಿ ಬೇಕು, ಅದನ್ನು ಮನೆಯಲ್ಲಿ ಇಟ್ಟುಕೊಳ್ಳಿ. ಬೆಕ್ಕು ಊಟ ಬಿಟ್ಟು ವಾಂತಿ ಮಾಡುತ್ತಾ, ಪಟ್ಟಿಯಲ್ಲಿ ಕೀಟೋನ್ ಕಂಡರೆ ಅದು ಮನೆಯಲ್ಲಿ ನೋಡಿಕೊಳ್ಳುವ ವಿಷಯವಲ್ಲ, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಸಿರಿಂಜ್ ಬಗ್ಗೆಯೂ ಹೇಳಲೇಬೇಕು, ಯಾಕೆಂದರೆ ಮೀಟರ್ ಎಷ್ಟು ಒಳ್ಳೆಯದಿದ್ದರೂ ಸಿರಿಂಜ್ ಬೇರೆಯದಾದರೆ ಎಲ್ಲ ತಲೆಕೆಳಗು. ಕರಿಯನ ಗ್ಲಾರ್ಜಿನ್ ಯು-100, ಅಂದರೆ ಒಂದು ಮಿಲಿಲೀಟರಿಗೆ 100 ಯೂನಿಟ್. ಪ್ರೋಜಿಂಕ್, ಕ್ಯಾನಿನ್ಸುಲಿನ್‌ನಂಥ ಪ್ರಾಣಿಗಳ ಇನ್ಸುಲಿನ್ ಯು-40. ಯು-100 ಔಷಧಿಯನ್ನು ಯು-40 ಸಿರಿಂಜಿನಲ್ಲಿ 2ರ ಗೆರೆಗೆ ಎಳೆದರೆ ಒಳಗೆ ಹೋಗುವುದು 5 ಯೂನಿಟ್. ಬೆಕ್ಕಿನ ಜೀವಕ್ಕೆ ಅದು ಅಪಾಯ. ಈ ಗ್ಲಾರ್ಜಿನ್‌ಗೆ ಅರ್ಧ ಯೂನಿಟ್ ಗೆರೆಗಳಿರುವ 0.3 ಮಿಲಿಯ ಯು-100 ಸಿರಿಂಜ್ ಕೇಳಿ ತನ್ನಿ, ಗೆರೆಗಳು ಬಿಡಿಬಿಡಿಯಾಗಿ ಕಾಣುತ್ತವೆ.

ಮೀಟರಿನ ಬಗ್ಗೆ ಇನ್ನು ಉಳಿದದ್ದು ಸ್ವಲ್ಪ. ಅಂಕಿ ದೊಡ್ಡದಾಗಿ ಕಾಣುತ್ತದೆ, ಅಮ್ಮ ಕನ್ನಡಕವಿಲ್ಲದೆ ಓದುತ್ತಾಳೆ. 20ರಿಂದ 750ರವರೆಗೆ ಅಳೆಯುತ್ತದೆ. ಖರ್ಚು ಬರುವುದು ಮೀಟರಿಗಲ್ಲ, ಸ್ಟ್ರಿಪ್‌ಗಳಿಗೆ. ಪ್ರಾಣಿಗಳ ಮೀಟರ್ ಯಾವುದಾದರೂ ಇದೇ ಕಥೆ, ಮನುಷ್ಯರ ಸ್ಟ್ರಿಪ್‌ಗಿಂತ ದುಬಾರಿ, ಎಲ್ಲ ಔಷಧಿ ಅಂಗಡಿಯಲ್ಲೂ ಇಟ್ಟಿರುವುದಿಲ್ಲ. ಹಾಗಾಗಿ ಕೊಳ್ಳುವ ಮೊದಲು ವಿಚಾರಿಸಬೇಕಾದದ್ದು ಸ್ಟ್ರಿಪ್ ನಿಮಗೆ ತಪ್ಪದೆ ಸಿಗುತ್ತದೆಯೇ ಎಂಬುದನ್ನು. ನಾನು ದಿನಾ ಎರಡು ಇಂಜೆಕ್ಷನ್‌ಗೂ ಮುಂಚೆ ನೋಡುತ್ತೇನೆ, ಡೋಸ್ ಬದಲಾದಾಗ ಡಾಕ್ಟರು ಹೇಳಿದ ದಿನ ಕರ್ವ್ ಮಾಡುತ್ತೇನೆ, ನಡಿಗೆ ಯಾಕೋ ಸರಿ ಇಲ್ಲ ಅನಿಸಿದರೆ ಯಾವ ಹೊತ್ತಾದರೂ ನೋಡುತ್ತೇನೆ. ಅಂಕಿಗಳೆಲ್ಲ ಒಂದು ನೋಟ್‌ಬುಕ್ಕಿನಲ್ಲಿವೆ: ಹೊತ್ತು, ಅಂಕಿ, ಡೋಸ್, ಎಷ್ಟು ತಿಂದ. ಒಂದು ಅಂಕಿ ನೋಡಿ ಡೋಸ್ ಬದಲಾಯಿಸುವುದು ನನ್ನ ಕೆಲಸ ಅಲ್ಲ, ಆ ಪುಟಗಳ ಫೋಟೋ ಡಾಕ್ಟರಿಗೆ ಕಳಿಸುತ್ತೇನೆ.

ಕಾಯಿಲೆ ಗೊತ್ತಾದ ಹೊಸದರಲ್ಲೇ ಸಕ್ಕರೆ ಚೆನ್ನಾಗಿ ಹತೋಟಿಗೆ ಬಂದರೆ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ ಬೇಡವೇ ಆಗುತ್ತದೆ. ಕರಿಯನಿಗೆ ಈಗ ಹೊತ್ತಿಗೆ ಅರ್ಧ ಯೂನಿಟ್. ಹಿಮ್ಮಡಿ ಊರುವುದು ನಿಂತಿದೆ, ಕಿಟಕಿಯ ಕಟ್ಟೆಗೆ ಮತ್ತೆ ಒಂದೇ ನೆಗೆತಕ್ಕೆ ಹತ್ತುತ್ತಾನೆ. ಇನ್ಸುಲಿನ್ ಪೂರ್ತಿ ನಿಲ್ಲಿಸುವ ಮಾತು ಬಂದರೂ ಮೀಟರ್ ಮನೆಯಲ್ಲೇ ಇರಲಿ, ಕಾಯಿಲೆ ಮರಳುವುದುಂಟು ಎಂದು ಡಾಕ್ಟರು ಹೇಳಿದ್ದಾರೆ. ಅದಕ್ಕೇ ಮೊನ್ನೆ ಸ್ಟ್ರಿಪ್‌ನ ಹೊಸ ಡಬ್ಬಿ ತಂದಿಟ್ಟಿದ್ದೇನೆ.