ಕ್ಯಾಪ್ಟನ್ (Kapton) ಎಚ್‌ಎನ್ ಹಾಳೆ: ಬಿಸಿ ಜಾಗದ ಸೆನ್ಸರ್ ಅಚ್ಚು ಹಾಕಲು ಎಷ್ಟು ಒಳ್ಳೆಯದು?

ಡ್ಯುಪಾಂಟ್ ರೂಪಿಸಿದ ಈ ಜೇನುಬಣ್ಣದ ಪಾಲಿಇಮೈಡ್ (ಶಾಖ ತಡೆಯುವ ಪ್ಲಾಸ್ಟಿಕ್) ಹಾಳೆಗೆ ಕರಗುವ ಗುಣವೇ ಇಲ್ಲ. ಮೈನಸ್ 269ರಿಂದ 400 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ ಎನ್ನುತ್ತದೆ ತಯಾರಕರ ಮಾಹಿತಿ. ಹಾಳೆಯ ಮಟ್ಟಿಗೆ ಸರಿ. ಆದರೆ ಅದರ ಮೇಲೆ ಬೆಳ್ಳಿ ಶಾಯಿಯಿಂದ ಅಚ್ಚು ಹಾಕಿದ ತಾಪಮಾನ ಸೆನ್ಸರ್‌ಗೆ ಆ 400ರ ಲೆಕ್ಕ ಹಿಡಿಯಬೇಡಿ. ಶಾಯಿಯೊಳಗಿನ ರಾಳ, ತಂತಿಯ ಜೋಡಣೆ, ಅಂಟು ಅದಕ್ಕೂ ಎಷ್ಟೋ ಮೊದಲೇ ಕೈಕೊಡುತ್ತವೆ. ಸಿಲಿಕೋನ್ ಅಂಟಿನ ಟೇಪು ಸುಮಾರು 260 ಡಿಗ್ರಿಗೇ ಸೋಲುತ್ತದೆ.

ದಪ್ಪದಲ್ಲಿ 50 ಮೈಕ್ರಾನ್ ನಮ್ಮ ಆಯ್ಕೆ. 25ರದ್ದು ಸ್ಕ್ರೀನ್ ಪ್ರಿಂಟಿಂಗ್ ಮೇಜಿನ ಮೇಲೆ ಸುಕ್ಕುಗಟ್ಟುತ್ತದೆ. 125ರದ್ದನ್ನು 5 ಮಿಲಿಮೀಟರ್ ತ್ರಿಜ್ಯಕ್ಕೆ ಬಗ್ಗಿಸಿದರೆ ಬೆಳ್ಳಿಗೆರೆ 1.25 ಶೇಕಡಾ ಹಿಗ್ಗಬೇಕು, 50ರಲ್ಲಾದರೆ ಅರ್ಧ ಶೇಕಡಾ ಸಾಕು.

ದೊಡ್ಡ ತೊಂದರೆ ತೇವದ್ದು. ಒದ್ದೆ ಹವೆಯಲ್ಲಿ ಹಾಳೆ ತನ್ನ ತೂಕದ 2.8 ಶೇಕಡಾದವರೆಗೂ ನೀರು ಹೀರುತ್ತದೆ. ಹಾಗೇ ಅಚ್ಚು ಹಾಕಿ ಓವನ್‌ಗೆ ಇಟ್ಟರೆ ಆ ನೀರು ಆವಿಯಾಗಿ ಗೆರೆಯಲ್ಲಿ ಸೂಜಿಮೊನೆಯಷ್ಟು ರಂಧ್ರ ಬಿಡುತ್ತದೆ. ಇನ್ನೊಂದು, ಮೊದಲ ಸಲ ಕಾದಾಗ ಹಾಳೆ ಕುಗ್ಗುತ್ತದೆ: 25 ಮೈಕ್ರಾನ್ ಹಾಳೆಗೆ 150 ಡಿಗ್ರಿಯಲ್ಲಿ ಅರ್ಧ ಗಂಟೆಗೆ 0.17 ಶೇಕಡಾ. ಅಂದರೆ 100 ಮಿಲಿಮೀಟರ್ ಉದ್ದಕ್ಕೆ 0.17 ಮಿಲಿಮೀಟರ್. ಗೆರೆಯ ಅಗಲವೇ 0.2 ಇದ್ದಾಗ ಎರಡನೇ ಪದರ ಹೆಚ್ಚುಕಡಿಮೆ ಒಂದು ಗೆರೆಯಷ್ಟು ಪಕ್ಕಕ್ಕೆ ಸರಿದು ಕೂರುತ್ತದೆ! ಆದ್ದರಿಂದ ಖಾಲಿ ಹಾಳೆಯನ್ನೇ ಮೊದಲು, ಶಾಯಿ ಒಣಗಿಸುವ ತಾಪಕ್ಕಿಂತ ತುಸು ಹೆಚ್ಚಿನಲ್ಲಿ, ಒಂದು ಗಂಟೆ ಕಾಯಿಸಿ. ತಣಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ಪ್ಲಾಸ್ಮಾ (ವಿದ್ಯುದಾವೇಶದ ಅನಿಲದಿಂದ ಮೇಲ್ಮೈ ಹದಮಾಡುವ) ಸೌಲಭ್ಯವಿದ್ದರೆ ಒಮ್ಮೆ ಹಾಯಿಸಿ, ಶಾಯಿ ಚೆನ್ನಾಗಿ ಕಚ್ಚುತ್ತದೆ. ಬರಿಗೈಯಲ್ಲಿ ಮುಟ್ಟಲೇಬೇಡಿ. ಬೆರಳಿನ ಜಿಡ್ಡು ಬಿದ್ದಲ್ಲಿ ಟೇಪು ಹಚ್ಚಿ ಎಳೆದರೆ ಗೆರೆ ಪೂರ್ತಿ ಎದ್ದುಬರುತ್ತದೆ.

ಬಿಸಿಯಾದಂತೆ ಬೆಳ್ಳಿಗೆರೆಯ ವಿದ್ಯುತ್ ರೋಧ (ಓಮ್) ಏರುತ್ತದೆ, ಸೆನ್ಸರ್ ಅಳೆಯುವುದು ಅದನ್ನೇ. ಸುರುಳಿ ಗೆರೆಯ ಒಟ್ಟು ಉದ್ದ 1 ಮೀಟರ್, ಅಗಲ 0.2 ಮಿಲಿಮೀಟರ್ ಇಟ್ಟರೆ 5,000 ಚೌಕ (ಅಗಲದಷ್ಟೇ ಉದ್ದದ ತುಂಡು). ಚೌಕಕ್ಕೆ 20 ಮಿಲಿಓಮ್ ಕೊಡುವ ಶಾಯಿಯಲ್ಲಿ 100 ಓಮ್ ಬರುತ್ತದೆ. ಡಿಗ್ರಿಗೆ ಬದಲಾಗುವುದು ಹೆಚ್ಚೆಂದರೆ 0.38 ಓಮ್, ಹಾಗಾಗಿ ಜೋಡಣೆ ತಂತಿಯ ಓಮ್ ಲೆಕ್ಕಕ್ಕೆ ಸೇರದ ನಾಲ್ಕು ತಂತಿಯ ಅಳತೆಯೇ ಬೇಕು. ಬಳಕೆಯ ತಾಪಕ್ಕಿಂತ 20–30 ಡಿಗ್ರಿ ಮೇಲೆ, ಓಮ್ ಬದಲಾಗದೆ ನಿಲ್ಲುವವರೆಗೂ ಕಾಯಿಸಿ ಹದಗೊಳಿಸಿ, ಆಮೇಲೆ ಮಾಪನಾಂಕ (ಎಷ್ಟು ಓಮ್‌ಗೆ ಎಷ್ಟು ತಾಪ ಎಂಬ ಲೆಕ್ಕ) ತೆಗೆಯಿರಿ. ಈ ಹಂತ ಬಿಟ್ಟವರ ಸೆನ್ಸರ್ ದಿನಕ್ಕೊಂದು ತಾಪ ತೋರಿಸುತ್ತದೆ.

ತುದಿಗೆ ಬೆಸುಗೆ ಬೇಡ. ತವರ-ಸೀಸದ ಬೆಸುಗೆ 183 ಡಿಗ್ರಿಗೇ ಕರಗುತ್ತದೆ, ಮೇಲಾಗಿ ಕರಗಿದ ತವರ ತೆಳು ಬೆಳ್ಳಿಯನ್ನು ತಿಂದುಹಾಕುತ್ತದೆ. ಕ್ರಿಂಪ್ ಮಾಡಿ, ಅಂದರೆ ಲೋಹದ ಕ್ಲಿಪ್ಪನ್ನು ಅಮುಕಿ ಕಚ್ಚಿಸಿ. ಅಂಚನ್ನು ಹರಿತ ಬ್ಲೇಡಿನಿಂದ ಕತ್ತರಿಸಿ ಮೂಲೆ ದುಂಡಗಿಡಿ. ಕೂದಲೆಳೆಯಷ್ಟು ಸೀಳಿದ್ದರೂ ಅಲ್ಲಿಂದಲೇ ಹಾಳೆ ಹರಿದುಹೋಗುತ್ತದೆ.

200 ಡಿಗ್ರಿ ಒಳಗಿನ ಕೆಲಸಕ್ಕೆ, ಆ ತಾಪಕ್ಕೆ ಒಗ್ಗುವ ಶಾಯಿ ಸಿಕ್ಕರೆ, ಕಣ್ಣುಮುಚ್ಚಿ ಕೊಳ್ಳಬಹುದು. ಕ್ಷಾರದ ದ್ರಾವಣ ತಗಲುವ ಕಡೆ ಮಾತ್ರ ಬೇಡ, ಪಾಲಿಇಮೈಡ್ ಅದರಲ್ಲಿ ಸವೆಯುತ್ತದೆ.